ಶೀನ ಭಾವನ ಅರ್ಧ ಪದ್ಯ

ಮೊನ್ನೆ ಬೀಜಾಡಿಯಿಂದ ಅಕ್ಕ ಬಸ್ಸಿನ ಕಂಡಕ್ಟರನ ಕೈಯಲ್ಲಿ ಒಂದು ಬಾಟಲಿ ಮಿಡಿ ಉಪ್ಪಿನಕಾಯಿ ಕಳಿಸಿದ್ದಳು. ಬ್ರಹ್ಮಾವರದ ಬಸ್‌ಸ್ಟ್ಯಾಂಡಿನಲ್ಲಿ ಅದನ್ನು ಇಸಕೊಂಡು ಬಂದು, ಬಾಯಿಗೆ ಕಟ್ಟಿದ್ದ ಪ್ಲಾಸ್ಟಿಕ್ಕು ಬಿಚ್ಚಿದೆ. ಮೊದಲು ಸಾಸಿವೆ ಮೂಗಿಗೆ ಏರಿತು, ಆಮೇಲೆ ಮೆಣಸು. ಅವೆರಡರ ಹಿಂದೆ ಇನ್ನೊಂದು ಪರಿಮಳ ನಿಂತಿತ್ತು. ನಮ್ಮ ಕಾಟುಮಾವಿನ ಮಿಡಿಯ ಸೊನೆಗೆ ನೆರೆಮನೆಯವರೂ ತಿರುಗಿ ನೋಡುವಂಥ ಘಾಟು ಇರುತ್ತದಲ್ಲ, ಅದಲ್ಲ ಇದು. ಇದು ತುಂಬ ಮರ್ಯಾದಸ್ಥ ವಾಸನೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಬರಬಹುದೇ ಎಂದು ಕೇಳಿ ಬರುವಂಥದ್ದು. ಇಡೀ ಕುಂದಾಪುರ ಸೀಮೆಯಲ್ಲಿ ಈ ವಾಸನೆಯ ಮಿಡಿ ಸಿಗುವುದು ಒಂದೇ ಮನೆಯಲ್ಲಿ. ಆ ಮನೆಯ ಯಜಮಾನ ನಮ್ಮ ಶೀನ ಭಾವ.

ಶೀನ ಭಾವ ಎಂದರೆ ನನ್ನ ಅಕ್ಕನ ಗಂಡ. ನಮ್ಮ ಕಡೆಯ ಗಂಡಸರು ಹೋಟೆಲು ಕೆಲಸಕ್ಕೆಂದು ಮುಂಬಯಿಗೆ ಹೋಗುವುದೇನೂ ಹೊಸತಲ್ಲ. ಹೋದವರು ಹಿಂದಿ, ಮರಾಠಿ ಕಲಿತು, ಒಂದು ರೇಡಿಯೋ ಹಿಡಿದುಕೊಂಡು ವಾಪಸು ಬರುತ್ತಾರೆ. ಭಾವನದ್ದು ಮಾತ್ರ ಬೇರೆ ದಾರಿಯಾಯಿತು. ಮುಂಬಯಿಯ ಧಣಿ ಲಖನೌ ಕಡೆ ಒಂದು ಇಡ್ಲಿ ಹೋಟೆಲು ಹಾಕಿ ಇವನನ್ನು ಅಲ್ಲಿಗೆ ಅಟ್ಟಿದ. ಅದೂ ಲಖನೌ ಪೇಟೆಯಲ್ಲಲ್ಲ, ಅದರ ಹತ್ತಿರದ ಮಲಿಹಾಬಾದ್ ಎಂಬ ಸಣ್ಣ ಊರಿನಲ್ಲಿ. ಆ ಊರಿನಲ್ಲಿ ಇರುವುದು ಎರಡೇ ಬೆಳೆಯಂತೆ, ಒಂದು ಮಾವು, ಇನ್ನೊಂದು ಉರ್ದು ಪದ್ಯ. ಮಾವಾದರೂ ವರ್ಷಕ್ಕೊಂದು ಸಲ. ಪದ್ಯಕ್ಕೆ ಕಾಲ ಹಂಗಾಮು ಏನೂ ಇಲ್ಲ. ಇದು ಭಾವನ ಬಾಯಿಂದಲೇ ಕೇಳಿದ್ದು. ಅವನ ಮಾತಿನಲ್ಲಿ ಅರ್ಧವನ್ನು ಗಾಳಿಗೆ ಬಿಟ್ಟು ಉಳಿದದ್ದನ್ನು ನಂಬುವುದು ನಮ್ಮ ಮನೆಯ ರೂಢಿ.

ಹೀಗೆ ಹೋದವನು ತೊಂಬತ್ತೇಳರಲ್ಲಿ ಊರಿಗೆ ಮರಳಿದ. ಮುಂಬಯಿ ಬಸ್ಸು ಕೋಟೇಶ್ವರದಲ್ಲಿ ನಿಂತಾಗ ಎಲ್ಲರೂ ಪೆಟ್ಟಿಗೆ ಇಳಿಸಿಕೊಂಡರೆ, ಇವನು ಗೋಣಿ ಸುತ್ತಿದ ಒಂದು ಮಾವಿನ ಸಸಿಯನ್ನು ಎರಡೂ ಕೈಯಲ್ಲಿ ಹಿಡಿದು ಇಳಿದ. ದಾರಿಯುದ್ದಕ್ಕೂ ಅದು ಕಿಟಕಿಯ ಬದಿಯಲ್ಲಿ, ಇವನು ಓಡಾಡುವವರ ಕಾಲ ಬದಿಯಲ್ಲಿ. ಮನೆಯ ಜಗಲಿಯಲ್ಲಿ ಅದನ್ನು ಇಟ್ಟಾಗ ಅವನ ತಾಯಿ, ನಾವೆಲ್ಲ ದೊಡ್ಡಮ್ಮ ಎಂದು ಕರೆಯುತ್ತಿದ್ದವರು, ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿದರು.

"ನಮ್ಮಲ್ ಮಾಯಿನ ಮರ ಇಲ್ಲೆ ಅಂತೇಳಿ ತಂದದ್ದಾ? ಅಷ್ಟ್ ದೂರ್ದಿಂದ ಹೊತ್ಕಂಡ್ ಬಪ್ಪುಕೆ ಅದೆಂತ ಬಂಗಾರ ಬಿಡತ್ತಾ?"

"ಅಬ್ಬೀ, ಇದ್ ದಸೇರಿ," ಎಂದ ಭಾವ. "ಒಂದ್ ಹಣ್ಣ್ ತಿಂದ್ರೆ ಸಾಕ್, ಪದ್ಯ ತನ್ನಷ್ಟಕ್ಕೇ ಬತ್ತ್."

ಪದ್ಯದ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದ್ದು ನಿಮಗೆ ಅರ್ಥವಾಗದು. ಮಲಿಹಾಬಾದಿನಲ್ಲಿ ಭಾವನ ಇಡ್ಲಿಗೆ ಮನಸೋತ ಒಬ್ಬರು ತೋಟದ ಯಜಮಾನರಿದ್ದರು. ಭಾವ ಅವರನ್ನು ಖಾನ್ ಸಾಹೇಬರು ಎನ್ನುತ್ತಿದ್ದ. ಅವರ ಮನೆಯಲ್ಲೊಂದು ಪದ್ಧತಿ. ಹೊಸ ಮರದ ಮೊದಲ ಫಸಲನ್ನು ಸುಮ್ಮನೆ ತಿನ್ನುವಂತಿಲ್ಲ. ಸಸಿ ಕೊಟ್ಟವರು ಅದರ ಜೊತೆಗೆ ಪದ್ಯದ ಒಂದು ಸಾಲನ್ನೂ ಕೊಡುತ್ತಾರೆ. ಎರಡನೆಯ ಸಾಲನ್ನು ಮರ ಬೆಳೆಸಿದವರು ಮೊದಲ ಫಸಲು ಕೈಗೆ ಬಂದ ದಿನ ಹೇಳಿ ಪೂರ್ತಿ ಮಾಡಬೇಕು. ಭಾವನಿಗೆ ಸಿಕ್ಕಿದ ಸಾಲು ಇದು:

"ದೂರ್ ಸೇ ಮೆಹಮಾನ್ ಆಯಾ ಹೈ, ಜರಾ ಧೀರೇ ಬೋಲೋ."

ದೂರದಿಂದ ನೆಂಟ ಬಂದಿದ್ದಾನೆ, ಸ್ವಲ್ಪ ಮೆಲ್ಲಗೆ ಮಾತಾಡಿ. ಇಷ್ಟೇ. ಈ ಅರ್ಧ ಪದ್ಯವನ್ನು ಹಿಡಿದುಕೊಂಡು ಶೀನ ಭಾವ ಬೀಜಾಡಿಯ ಹೊಯ್ಗೆ ಮಣ್ಣಿನಲ್ಲಿ ಕೂತ.

ಆ ವರ್ಷಗಳಲ್ಲಿ ಅಕ್ಕನ ಮನೆಗೆ ಹೋಗುವುದೆಂದರೆ ನನಗೆ ಪುಕ್ಕಟೆ ನಾಟಕ. ಭಾವ ಕೋಟೇಶ್ವರದಲ್ಲಿ ಒಂದು ಚಾ ಹೋಟೆಲು ಇಟ್ಟಿದ್ದ. ಹಗಲು ಅಲ್ಲಿ ಬನ್ಸ್ ಕರಿದು, ಸಂಜೆ ಮನೆಗೆ ಬಂದ ಕೂಡಲೇ ಶಾಯರನಾಗುತ್ತಿದ್ದ. ಯಾರಾದರೂ ಬಾಯಿ ತೆರೆದರೆ "ಇರ್ಷಾದ್" ಎನ್ನುವನು, ಅಪ್ಪಣೆಯಾಗಲಿ ಎಂದು ಅರ್ಥವಂತೆ. ಅಕ್ಕ ಅಕ್ಕಿ ಮುಗಿಯಿತು ಎಂದು ಹೇಳಲು ಬಂದರೂ ಇರ್ಷಾದ್. ಮೀನು ಮಾರುವ ಬೇಬಿ ಅಂಗಳಕ್ಕೆ ಬಂದರೆ ಕೈಯನ್ನು ಹಣೆಯವರೆಗೆ ಎತ್ತಿ ಆದಾಬ್ ಮಾಡುವನು. ಅವಳು ಬುಟ್ಟಿ ಇಳಿಸದೆ ಅಕ್ಕನ ಕಡೆ ತಿರುಗಿ, "ಇವ್ರದ್ದ್ ಆಯಿನ್ಮೇಲೆ ಹೇಳಿ ಅಕ್ಕ, ಬಂಗ್ಡಿ ಬಿಸ್ಲಿಗ್ ಹಾಳಾತ್ತ್," ಎನ್ನುವಳು.

ಪಕ್ಕದ ಮನೆಯ ರಾಮಣ್ಣ ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ಒಂದು ಪದ್ಯಕ್ಕೆ ಅರ್ಧ ಗಂಟೆ ಮಾತಾಡದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಅವರಿಗೆ ಭಾವನ ಕಾವ್ಯದ ಬಗ್ಗೆ ದೊಡ್ಡ ಅಸಮಾಧಾನ.

"ಎರಡೇ ಸಾಲಾ, ಶೀನ? ನಮ್ಮ ಭಾಗವತ್ರ್ ಶ್ರುತಿ ಹಿಡುದ್ರೊಳ್ಗೆ ನಿನ್ ಪದ್ಯ ಮುಗ್ದೇ ಹೋತ್ತಲ್ಲ!"

"ಎರಡೂ ಎಲ್ಲಿತ್ತ್ ರಾಮಣ್ಣ, ಸದ್ಯಕ್ಕೆ ಒಂದೇ ಇಪ್ಪುದ್," ಎಂದಳು ಒಳಗಿನಿಂದ ಅಕ್ಕ.

ಮರವೋ, ಭಾವನಿಗಿಂತ ಸೋಮಾರಿ. ನಮ್ಮ ಉಪ್ಪು ಗಾಳಿ ಅದಕ್ಕೆ ಹಿಡಿಸಲಿಲ್ಲ. ಅದು ಎತ್ತರಕ್ಕೆ ಬೆಳೆಯಿತು, ಎಲೆ ಬಿಟ್ಟಿತು, ಹೂ ಬಿಡುವ ಮಾತೆತ್ತಲಿಲ್ಲ. ಒಂದು ವರ್ಷ ಹೂ ಬಂತು, ಇಬ್ಬನಿಗೆ ಕರಟಿತು. ಮತ್ತೊಂದು ವರ್ಷ ಗಾಳಿಗೆ ಉದುರಿತು. ಪ್ರತಿ ಬೇಸಿಗೆಯಲ್ಲೂ ಖಾನ್ ಸಾಹೇಬರಿಂದ ಫೋನು ಬರುವುದು. ಮೊದಲು ಪಕ್ಕದ ಅಂಗಡಿಗೆ, ಆಮೇಲೆ ಮನೆಗೆ, ಕೊನೆಗೆ ಭಾವನ ಹೊಸ ಮೊಬೈಲಿಗೆ. ಹಣ್ಣು ಬಂತೇ ಎಂದು ಅವರು ಕೇಳುತ್ತಿರಲಿಲ್ಲ, ಎರಡನೆಯ ಸಾಲು ಬಂತೇ ಎಂದು ಕೇಳುತ್ತಿದ್ದರು. ಭಾವ ಮರದ ಕಡೆ ನೋಡುತ್ತ, "ಅಗಲೇ ಸಾಲ್" ಎನ್ನುವನು. ಮುಂದಿನ ವರ್ಷ ಎಂದರ್ಥ. ಆ ಎರಡು ಪದ ನಮ್ಮ ಮನೆಯ ಮಕ್ಕಳಿಗೂ ಬಾಯಿಪಾಠವಾಗಿತ್ತು. ಹೋಂವರ್ಕ್ ಎಲ್ಲಿ ಎಂದರೆ ಅಗಲೇ ಸಾಲ್ ಎನ್ನುತ್ತಿದ್ದವು.

ಕೊನೆಗೊಂದು ವರ್ಷ ಹೂ ನಿಂತಿತು. ಹೂವಿನ ನಡುವೆ ಹಸುರು ಕಾಳು ಕಾಣಿಸಿ, ಅವು ಹೆಬ್ಬೆರಳ ಗಾತ್ರದ ಮಿಡಿಯಾದವು. ಅದೇ ಹೊತ್ತಿಗೆ ಮಲಿಹಾಬಾದಿನಿಂದ ಫೋನು. ಈ ಸಲ ಮಾತಾಡಿದ್ದು ಖಾನ್ ಸಾಹೇಬರ ಮಗ. ಅಪ್ಪ ಹಾಸಿಗೆ ಬಿಟ್ಟು ಏಳುತ್ತಿಲ್ಲ, ಬೀಜಾಡಿಯ ಮರದ ಪದ್ಯ ಕೇಳದೆ ಹೋಗುವುದಿಲ್ಲ ಎಂದು ಹಟ ಹಿಡಿದಿದ್ದಾರೆ ಎಂದ. ಭಾವ ಅಂದಿನಿಂದ ತಮಾಷೆ ಬಿಟ್ಟ. ಸಂಜೆ ಮರದ ಬುಡದಲ್ಲಿ ಕುರ್ಚಿ ಹಾಕಿ ಕೂತು ತುಟಿ ಅಲ್ಲಾಡಿಸುತ್ತಿದ್ದ. ಯಾವ ಸಾಲೂ ಸರಿಹೋಗುತ್ತಿರಲಿಲ್ಲ. ಹಣ್ಣು ಬಾಯಿಗೆ ಬಿದ್ದರೆ ಬಂದೀತು ಎಂಬ ಒಂದೇ ಧೈರ್ಯ ಅವನಿಗೆ. ಅವನನ್ನು ಹಾಗೆ ನೋಡಿ ನನಗೂ ನಗು ಬರಲಿಲ್ಲ, ಪಾಪ ಅನ್ನಿಸಿತು.

ಅಷ್ಟರಲ್ಲಿ ಮುಂಬಯಿಯ ಹಳೆಯ ಧಣಿಯ ಮಗಳ ಮದುವೆ ಬಂತು. ತಪ್ಪಿಸುವಂತಿರಲಿಲ್ಲ. ಭಾವ ಮರವನ್ನು ಒಮ್ಮೆ ಸವರಿ, ಬಸ್ಸು ಹತ್ತಿದ.

ಅವನು ವಾಪಸು ಬಂದ ದಿನ ನಾನು ಬೀಜಾಡಿಯಲ್ಲೇ ಇದ್ದೆ. ಕೈಚೀಲ ಹೆಗಲಲ್ಲಿದ್ದ ಹಾಗೆಯೇ ಅವನು ನೇರ ಮರದ ಹತ್ತಿರ ಹೋದ. ಸುತ್ತ ನೋಡಿದ. ಕೊಂಬೆ ಬಗ್ಗಿಸಿ ನೋಡಿದ. ಮರದಲ್ಲಿ ಎಲೆ ಬಿಟ್ಟರೆ ಏನೂ ಇರಲಿಲ್ಲ.

"ಅಬ್ಬೀ, ಕಾಯಿ ಎಲ್ ಹೋಯ್ತ್?"

ದೊಡ್ಡಮ್ಮ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದರು. ಮುಖದಲ್ಲಿ ಬಹುಮಾನ ಹಂಚಲು ಬಂದವರ ಗೆಲುವು.

"ಗಾಳಿಗ್ ಉದ್ರಿ ಹೋಪುದ್ ಕಂಡ್ ಸುಮ್ನೆ ಕೂಕಂಬುಕ್ ಆತ್ತಾ? ಒಂದೂ ನೆಲಕ್ಕ್ ಬೀಳುಕೆ ಬಿಡ್ಲಿಲ್ಲೆ. ತೊಟ್ಟ್ ಸಮೇತ ಕೊಯ್ಸಿ ಉಪ್ಪಿಗ್ ಹಾಕಿದ್ದೆ. ಹೋಯ್ ಕಾಣ್, ನನ್ ಮದಿ ಭರಣಿಯಂಗೇ ಹಾಕದ್ದ್."

ಇಲ್ಲಿ ನೀವು ದೊಡ್ಡಮ್ಮನ ಮೇಲೆ ಸಿಟ್ಟು ಮಾಡಬಾರದು. ನಮ್ಮ ಕಡೆಯ ಹೆಂಗಸರಿಗೆ ಮಾವಿನ ಮರದ ಸಾರ್ಥಕತೆ ಇರುವುದು ಮಿಡಿಯಲ್ಲಿ. ಹಣ್ಣು ಕಾಗೆಗೂ ಸಿಕ್ಕುತ್ತದೆ, ಅಳಿಲಿಗೂ ಸಿಕ್ಕುತ್ತದೆ. ಮಿಡಿಯನ್ನು ಹೊತ್ತು ನೋಡಿ, ತೊಟ್ಟು ಮುರಿದು ಸೊನೆ ಮೂಸಿ, ನೆಲಕ್ಕೆ ಬೀಳದಂತೆ ಕೊಯ್ದು ಭರಣಿಗೆ ತುಂಬಿಸುವುದು ಸಂಸಾರ ಗೊತ್ತಿದ್ದವರ ಕೆಲಸ. ಆ ಭರಣಿಯನ್ನು ಅವರು ಮದುವೆಯಲ್ಲಿ ತವರಿನಿಂದ ತಂದಿದ್ದರು. ಸಾಮಾನ್ಯ ಮಿಡಿಗೆ ಅದನ್ನು ಅಟ್ಟದಿಂದ ಇಳಿಸುತ್ತಲೇ ಇರಲಿಲ್ಲ. ಮಗನ ಮರಕ್ಕೆ ತಾನು ಮಾಡಬಹುದಾದ ದೊಡ್ಡ ಮರ್ಯಾದೆಯನ್ನೇ ಅವರು ಮಾಡಿದ್ದರು.

ಭಾವನಿಗೆ ಇದೆಲ್ಲ ತಲೆಗೆ ಹೋಗುವ ಸ್ಥಿತಿ ಇರಲಿಲ್ಲ. ಚೀಲ ಬಿಸಾಡಿ ಅಡುಗೆಮನೆಗೆ ನುಗ್ಗಿದ. ಭರಣಿಯ ಬಾಯಿಗೆ ಕಟ್ಟಿದ ಬಟ್ಟೆಗೆ ಕೈ ಹಾಕಿದ್ದೇ ತಡ, ದೊಡ್ಡಮ್ಮ ಹಿಂದಿನಿಂದ ಬಂದು ಆ ಕೈಯ ಮೇಲೆ ಪಟ್ಟನೆ ಒಂದು ಕೊಟ್ಟರು.

"ಬಸ್ಸಿನ್ ಕೈಯಂಗ್ ಮುಟ್ಬೇಡ ಮಾರಾಯ! ಭರಣಿಯಂಗೆ ಮನಿಕಂಡಿತ್, ಮುಚ್ಚಳ ತೆಗಿಬೇಡ!"

ಭಾವ ಅಲ್ಲೇ ಮಣೆಯ ಮೇಲೆ ಕುಸಿದು ಕೂತ. ಅವನ ಕಣ್ಣು ತುಂಬಿತ್ತು. ಖಾನ್ ಸಾಹೇಬರಿಗೆ ಇನ್ನು ಏನು ಹೇಳಲಿ ಎಂದ. ಅಗಲೇ ಸಾಲ್ ಎನ್ನಲು ಈ ಸಲ ಅವನಿಗೂ ಬಾಯಿ ಬರಲಿಲ್ಲ. ಅಕ್ಕ ನೀರು ತಂದುಕೊಟ್ಟಳು. ಗಲಾಟೆ ಕೇಳಿ ಒಳಗೆ ಬಂದಿದ್ದ ರಾಮಣ್ಣ ಮಾತ್ರ ಬಾಗಿಲಲ್ಲಿ ನಿಂತು ಏನನ್ನೋ ಗೊಣಗುತ್ತಿದ್ದರು.

"ಶೀನ, ಆ ಮೊದ್ಲಿನ್ ಸಾಲ್ ಒಂದ್ಸಲ ಹೇಳ್ ಕಾಂಬ."

"ಎಂತಕ್ಕೆ ರಾಮಣ್ಣ, ಈಗ ತಮಾಸಿಗಾ?"

"ಹೇಳಾ ಮಾರಾಯ."

ಭಾವ ಸೋತ ದನಿಯಲ್ಲಿ ಹೇಳಿದ. ದೂರದಿಂದ ನೆಂಟ ಬಂದಿದ್ದಾನೆ, ಸ್ವಲ್ಪ ಮೆಲ್ಲಗೆ ಮಾತಾಡಿ.

"ಭರಣಿಯಂಗೆ ಮನಿಕಂಡಿತ್, ಮುಚ್ಚಳ ತೆಗಿಬೇಡ," ಎಂದು ರಾಮಣ್ಣ ಮುಗಿಸಿದರು. ಅವರ ಜೀವಮಾನದಲ್ಲೇ ಅಷ್ಟು ಚಿಕ್ಕ ಅರ್ಥ ಅವರು ಹೇಳಿರಲಿಲ್ಲ.

ಭಾವ ತಾಯಿಯನ್ನು ನೋಡಿದ, ಭರಣಿಯನ್ನು ನೋಡಿದ. ಎದ್ದು ಹೋಗಿ ಮೊಬೈಲು ಹಿಡಿದುಕೊಂಡು ಬಂದ. ನಮಗೆಲ್ಲ ಕೇಳಲಿ ಎಂದು ಸ್ಪೀಕರು ಹಾಕಿದ. ಆ ಕಡೆಯಿಂದ ಉಸಿರಾಟವೇ ಹೆಚ್ಚು ಕೇಳುತ್ತಿತ್ತು. ಭಾವ ಹಣ್ಣಿನ ಕತೆ ಎತ್ತಲಿಲ್ಲ. ನೇರ ಪದ್ಯ ಹೇಳಿದ.

"ದೂರ್ ಸೇ ಮೆಹಮಾನ್ ಆಯಾ ಹೈ, ಜರಾ ಧೀರೇ ಬೋಲೋ.
ಮರ್ತಬಾನ್ ಮೇಂ ಸೋಯಾ ಹೈ, ಅಭೀ ಢಕ್ಕನ್ ಮತ್ ಖೋಲೋ."

ಮರ್ತಬಾನ್ ಎಂದರೆ ಅವರಲ್ಲಿ ಉಪ್ಪಿನಕಾಯಿ ಭರಣಿ. ಅದರಲ್ಲಿ ಮಲಗಿದ್ದಾನೆ, ಈಗಲೇ ಮುಚ್ಚಳ ತೆಗೆಯಬೇಡಿ. ನಾನು ಅಕ್ಕನ ಕೈ ಹಿಡಿದಿದ್ದೆ. ಆ ಕಡೆಯಿಂದ ಒಂದು ಕೆಮ್ಮು, ಅದರ ಹಿಂದೆಯೇ "ವಾಹ್". ಮತ್ತೆ "ವಾಹ್, ವಾಹ್". ಮುದುಕರು ನಗುತ್ತಿದ್ದರು. ಇದು ನಿನ್ನ ಸಾಲಲ್ಲ, ನಿನಗೆ ಈ ಜನ್ಮದಲ್ಲಿ ಇಂಥದ್ದು ಬರುವುದಿಲ್ಲ, ಯಾರದ್ದು ಹೇಳು ಎಂದರು. ನನ್ನ ತಾಯಿಯದ್ದು ಎಂದ ಭಾವ. ಅವರಿಗೆ ನನ್ನ ಆದಾಬ್ ಹೇಳು, ಭರಣಿಯಿಂದ ನನ್ನ ಪಾಲು ಕಳಿಸು ಎಂದರು ಖಾನ್ ಸಾಹೇಬರು.

ದೊಡ್ಡಮ್ಮನಿಗೆ ಇದನ್ನೆಲ್ಲ ವಿವರಿಸಲು ಸಂಜೆಯಾಯಿತು. ಕಡೆಗೆ ಅವರು ಹೇಳಿದ್ದು ಇಷ್ಟೇ: "ಇದಕ್ಕ್ ಇಷ್ಟ್ ವರ್ಷ ಬೇಕಾಯ್ತಾ? ನನ್ನತ್ರ ಮೊದ್ಲೇ ಕೇಂಡಿದ್ರ್ ಆತಿತ್ತ್."

ಮಸಾಲೆ ಕೂಡಿದ ಮೇಲೆ ಲಖನೌ ಕಡೆ ಹೋಗುವವರೊಬ್ಬರ ಕೈಯಲ್ಲಿ ಉಪ್ಪಿನಕಾಯಿ ಹೋಯಿತು. ಖಾನ್ ಸಾಹೇಬರು ರೊಟ್ಟಿಗೆ ನಂಚಿಕೊಂಡು ತಿಂದು ಫೋನು ಮಾಡಿದರಂತೆ. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಮನೆಯವರಿಗೆ ಪದ್ಯಕ್ಕೆ ಬಂದದ್ದು ಎಂದು ಹೇಳಿದ್ದೇನೆ ಎಂದರಂತೆ. ಆ ಮಳೆಗಾಲದ ಕೊನೆಗೆ ಅವರು ತೀರಿಕೊಂಡ ಸುದ್ದಿ ಬಂತು. ಭಾವ ಅಂದು ಹೋಟೆಲು ತೆರೆಯಲಿಲ್ಲ.

ಮುಂದೆ ಮರ ಹಣ್ಣನ್ನೂ ಕೊಟ್ಟಿತು. ಒಳ್ಳೆಯ ಹಣ್ಣೇ, ಸುಳ್ಳು ಹೇಳಬಾರದು. ಅದನ್ನು ತಿಂದು ಭಾವನಿಗೆ ಒಂದು ಅಕ್ಷರ ಪದ್ಯವೂ ಬರಲಿಲ್ಲ. ಆದರೆ ಪ್ರತಿ ವರ್ಷ ಮೊದಲ ಬುಟ್ಟಿ ಮಿಡಿಯನ್ನು ಅವನೇ ಕೊಯ್ದು ತಾಯಿಯ ಮುಂದೆ ಇಟ್ಟು, "ಇರ್ಷಾದ್, ಅಬ್ಬಿ" ಎನ್ನುತ್ತಿದ್ದ. ಹೋದ ವರ್ಷವೂ ದೊಡ್ಡಮ್ಮ ತಮ್ಮ ಕೈಯಾರೆ ಉಪ್ಪು ಹಾಕಿ, ಭರಣಿಯ ಬಾಯಿಗೆ ಬಟ್ಟೆ ಕಟ್ಟಿದರು. ಮಸಾಲೆ ಕೂಡುವ ಮೊದಲೇ ಅವರು ಹೋಗಿಬಿಟ್ಟರು. ಇಷ್ಟು ತಿಂಗಳು ಅಕ್ಕನಿಗೆ ಅದನ್ನು ಬಿಚ್ಚಲು ಮನಸ್ಸಾಗಲಿಲ್ಲವಂತೆ. ಈಗ ಬಿಚ್ಚಿ, ಮಸಾಲೆ ಅರೆದು ಹಾಕಿ, ನನಗೊಂದು ಬಾಟಲಿ ಕಳಿಸಿದ್ದಾಳೆ.

ನಾನು ಬಾಟಲಿ ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ. ಊಟಕ್ಕೆ ಕೂತಿದ್ದ ನಮ್ಮವರು ಹೊರಗಿನಿಂದ ಗಂಟಲು ಹರಿಯುವಂತೆ ಕೂಗಿದರು.

"ಹ್ವಾಯ್, ಎಂತ ಮಾಡ್ತಿದ್ದೆ ಅಲ್ಲಿ? ಗಂಜಿ ತಣ್ದ್ ಹೋಯ್ತ್!"

"ಮೆಲ್ಲ ಮಾತಾಡಿ," ಎಂದೆ. "ನೆಂಟ್ರ್ ಬಂದಿದ್ರ್."

ಅವರು ಗಾಬರಿಯಾಗಿ ದನಿ ತಗ್ಗಿಸಿ, ಅಡುಗೆಮನೆಯ ಬಾಗಿಲಿಗೆ ಬಂದು ಇಣುಕಿದರು.

"ಯಾರ್ ಬಂದದ್ದ್?"

"ದೊಡ್ಡಮ್ಮ," ಎಂದೆ.