ವೆಲ್ಡಿಂಗ್ ಚಾಚಾ ಮತ್ತು ಮೂರು ಕಾಲಿನ ಬೇಗಂ

ಹೋದ ವಾರ ನಮ್ಮ ಶಾಲೆಯ ಗೇಟಿಗೆ ರೆಡ್ ಆಕ್ಸೈಡ್ ಹೊಡೆಯುತ್ತಿದ್ದರು. ಒಣಗದ ಆ ಬಣ್ಣದ ವಾಸನೆ, ಜೊತೆಗೆ ಆಗಷ್ಟೇ ವೆಲ್ಡಿಂಗ್ ಮಾಡಿದ ಕಬ್ಬಿಣದ ಸುಟ್ಟ ವಾಸನೆ... ಹಾಜರಿ ಕೂಗುತ್ತಿದ್ದವಳು ಮಧ್ಯದಲ್ಲೇ ನಿಂತುಬಿಟ್ಟೆ. ಗುಂಡ್ಲುಪೇಟೆಯಲ್ಲಿ ನಮ್ಮ ಹಿತ್ತಲ ಗೋಡೆಯಾಚೆಯಿಂದ ವರ್ಷಗಟ್ಟಲೆ ಬರುತ್ತಿದ್ದ ವಾಸನೆ ಅದು.

ಗೋಡೆಯಾಚೆ ಇದ್ದದ್ದು ಚಾಚಾ ಅವರ ವೆಲ್ಡಿಂಗ್ ಶಾಪು. ಈರುಳ್ಳಿ ಲಾರಿಗಳ ಹಿಂಬಾಗಿಲು, ಕಿಟಕಿ ಗ್ರಿಲ್ಲು, ಅಂಗಡಿಗಳ ಶಟರು, ಇವೇ ಅವರ ಕೆಲಸ. ಎತ್ತರದ ಮನುಷ್ಯ, ಕಣ್ಣು ಸದಾ ಕೆಂಪು, ಮಾತು ಕಡಿಮೆ. ಹಬ್ಬದ ದಿನ ಗೋಡೆಯ ಮೇಲಿಂದ ಶೀರ್‌ಖುರ್ಮಾ ಪಾತ್ರೆ ಚಾಚುವಾಗಲೂ "ಬೇಟಿ" ಎಂಬ ಒಂದೇ ಮಾತು. ಉಳಿದದ್ದನ್ನೆಲ್ಲ ಚಾಚಿಯೇ ಆಡಬೇಕು.

ಎರಡು ಸಾವಿರದ ಇಸವಿಯ ನಂತರದ ಮೊದಲ ವರ್ಷಗಳು ಅವು. ನಾನು ಡಿ.ಎಡ್. ಮುಗಿಸಿ ಮನೆಯಲ್ಲಿದ್ದೆ. ಊರಿಂದಾಚೆ, ಕಾಡಿನಂಚಿನಲ್ಲಿ ಸಫಾರಿ ಜೀಪುಗಳು ಹೊರಡುವ ಜಾಗದ ಪಕ್ಕದಲ್ಲಿ ಆಗ ಪ್ರಾಣಿಗಳನ್ನು ಇಟ್ಟಿದ್ದ ಪುಟ್ಟ ಆವರಣವೊಂದಿತ್ತು. ಗಾಯಗೊಂಡು ಸಿಕ್ಕಿದ ಜಿಂಕೆ, ನವಿಲು ಅಲ್ಲಿರುತ್ತಿದ್ದವು. ಅವುಗಳ ಜೊತೆ ಒಂದು ಹೆಣ್ಣು ಚಿರತೆ. ಕುದೇರಿನ ಕಡೆ ಯಾರೋ ಹಂದಿಗೆ ಒಡ್ಡಿದ್ದ ಉರುಳಿಗೆ ಸಿಕ್ಕಿ ಒಂದು ಮುಂಗಾಲು ಕಳೆದುಕೊಂಡಿತ್ತು. ಕಾಡಿಗೆ ಬಿಟ್ಟರೆ ಬೇಟೆಯಾಡಿ ಬದುಕಲಾರದೆಂದು ಸಿಮೆಂಟು ನೆಲದ ಬೋನಿನಲ್ಲಿ ಇಟ್ಟಿದ್ದರು. ಜೀಪಿಗೆ ಕಾಯುವ ಜನ ಅದನ್ನು ನೋಡುತ್ತಾ ಹೊತ್ತು ಕಳೆಯುತ್ತಿದ್ದರು.

ಬೋನಿನ ಬಾಗಿಲು ತುಕ್ಕು ಹಿಡಿದಿದೆಯೆಂದು ಒಮ್ಮೆ ಚಾಚಾ ಅವರನ್ನು ಕರೆಸಿದರು. ಆ ಸಂಜೆ ವಾಪಸ್ಸು ಬಂದವರು ಊಟ ಮಾಡಲಿಲ್ಲವಂತೆ. ಮಾರನೆಯ ಬೆಳಿಗ್ಗೆ ನಾನು ಬಟ್ಟೆ ಒಣಹಾಕುತ್ತಿದ್ದಾಗ ಗೋಡೆಯ ಹತ್ತಿರ ಬಂದು ನಿಂತರು.

"ಹೆಣ್ಣುಜೀವ ಬೇಟಿ. ಮೂರು ಕಾಲಲ್ಲಿ ಸಿಮೆಂಟ್ ಮೇಲೆ ಸುತ್ತುತ್ತಾನೇ ಇರ್ತಾಳೆ. ಮಣ್ಣು ಮುಟ್ಟಿ ಎಷ್ಟು ದಿನ ಆಯ್ತೋ ಏನೋ..."

ಅವರು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಅಲ್ಲಿನ ಕಾವಲುಗಾರ ಅದನ್ನು 'ಕುಂಟಿ' ಎನ್ನುತ್ತಿದ್ದನಂತೆ. ಚಾಚಾಗೆ ಸಿಟ್ಟು ಬಂದು ತಾವೇ 'ಬೇಗಂ' ಎಂದು ಕರೆದುಬಿಟ್ಟರು. ಆಮೇಲೆ ಎಲ್ಲರಿಗೂ ಅದೇ ಹೆಸರಾಯಿತು.

ಕಂಡಾಗಲೆಲ್ಲ ಅಲ್ಲಿನ ಸಾಹೇಬರನ್ನು ಕಾಡಿ ಬೇಡಿ, ಕೊನೆಗೆ ಬೋನಿನ ಹಿಂದಿದ್ದ ಖಾಲಿ ನೆಲಕ್ಕೆ ಸರಳಿನ ಬೇಲಿ ಕಟ್ಟಲು ಚಾಚಾ ಒಪ್ಪಿಸಿದರು. ಕೆಲಸವೂ ಅವರದೇ. ಅವಳ ಮೂತಿಗೆ ತರಚಬಾರದೆಂದು ಪ್ರತಿ ಸರಳನ್ನೂ ಉಜ್ಜಿ, ಅಂಗೈಯಲ್ಲಿ ಸವರಿ ನೋಡುವರು. ಕೆಲಸ ಮಾಡುತ್ತಾ ಅವಳ ಜೊತೆ ಉರ್ದುವಿನಲ್ಲಿ ಮಾತು: ಈರುಳ್ಳಿ ರೇಟು, ಚಾಚಿಯ ಮಂಡಿ ನೋವು, ಮಗಳ ಅತ್ತೆಮನೆ. ಮನೆಯಲ್ಲಿ ಆಡದ ಮಾತೆಲ್ಲ ಅಲ್ಲಿ. ಮೊದಮೊದಲು ಗುರ್ ಎನ್ನುತ್ತಿದ್ದವಳು ಬರಬರುತ್ತಾ ಅವರಿದ್ದ ಕಡೆಯ ಸರಳಿಗೇ ಬಂದು ಒರಗಿ ಮಲಗತೊಡಗಿದಳಂತೆ.

ಬೋನಿನಿಂದ ಆ ನೆಲಕ್ಕೆ ಬಾಗಿಲು ತೆರೆಯುವ ದಿನ ಚಾಚಿಯನ್ನೂ ನನ್ನನ್ನೂ ಗೂಡ್ಸ್ ಆಟೋದಲ್ಲಿ ಕೂರಿಸಿಕೊಂಡು ಹೋದರು. ಬೇಗಂ ಹೊಸಿಲಲ್ಲೇ ನಿಂತಳು. ಒಂದು ಕಾಲನ್ನು ಮಣ್ಣಿಗೆ ಇಟ್ಟು, ಸುಟ್ಟುಕೊಂಡವಳಂತೆ ಹಿಂದೆಳೆದುಕೊಂಡಳು. ಮೂಸಿದಳು. ಮತ್ತೆ ಇಟ್ಟಳು. ಆಮೇಲೆ ಪೂರ್ತಿ ಹೊರಗೆ ಬಂದು, ಬೆನ್ನು ಕೆಳಗೆ ಮಾಡಿ ಆ ಕೆಂಪು ಮಣ್ಣಿನಲ್ಲಿ ಹೊರಳಾಡಿದಳು ನೋಡಿ... ಚಾಚಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಚಾಚಾ ನಗುತ್ತಲೇ ಇದ್ದರು. ಅವರು ಬಾಯಿತುಂಬ ನಕ್ಕಿದ್ದನ್ನು ನಾನು ಕಂಡದ್ದು ಅವತ್ತೊಂದೇ ದಿನ.

ಅದೇ ಮಳೆಗಾಲ ಮುಗಿಯುವುದರೊಳಗೆ, ಸಫಾರಿ ಜಾಗದಲ್ಲಿ ಇನ್ನು ಪ್ರಾಣಿಗಳನ್ನು ಇಡಬಾರದೆಂದು ಆದೇಶ ಬಂತು. ಜಿಂಕೆಗಳನ್ನು ಕಾಡಿಗೆ ಬಿಟ್ಟರು. ಬೇಗಂಳನ್ನು ದೂರದ ಪುನರ್ವಸತಿ ಕೇಂದ್ರಕ್ಕೆ ಕಳಿಸುವುದೆಂದಾಯಿತು. "ಒಳ್ಳೇದೇ ಬಿಡು ಬೇಟಿ. ಅಲ್ಲಿ ಡಾಕ್ಟರ್ ಇರ್ತಾರೆ, ದೊಡ್ಡ ಜಾಗ" ಎಂದರು ಚಾಚಾ. ಸಾಗಿಸುವ ಪೆಟ್ಟಿಗೆಯನ್ನೂ ಅವರೇ ಮಾಡಿಕೊಟ್ಟರು.

ಹೊರಡುವ ದಿನ ಮಧ್ಯಾಹ್ನ ಕಾವಲುಗಾರ ಬೈಕಿನಲ್ಲಿ ಶಾಪಿಗೆ ಬಂದ.

"ಸಾಯಬ್ರೆ, ಪೆಟ್ಗೆ ಒಳೀಕೇ ಓಗ್ತಿಲ್ಲ ಕಣಿ. ಬೆಳಗಿಂದ ಮೂಲೆಲಿ ಕುಂತದೆ. ಒಸಿ ಬಂದು ಕರೀರಿ, ನಿಮ್ ಮಾತ್ ಕೇಳ್ತದೆ."

"ಹೋಗ್ಬೇಡಿ" ಎಂದರು ಚಾಚಿ. ಚಾಚಾ ಕೈ ಒರೆಸಿಕೊಂಡು ಬೈಕು ಹತ್ತಿದರು.

ಪೆಟ್ಟಿಗೆಯ ಆಚೆ ತುದಿಯಲ್ಲಿ, ಸರಳಿನ ಹೊರಗೆ ಕುಕ್ಕರಗಾಲಲ್ಲಿ ಕೂತು, ಎಂದಿನಂತೆ ಅದೂ ಇದೂ ಮಾತಾಡಿದರಂತೆ. ಬೇಗಂ ಕುಂಟುತ್ತಾ ಎದ್ದು, ಅವರ ದನಿಯ ಕಡೆಗೇ ನಡೆದು, ಒಳಗೆ ಬಂದಳಂತೆ. ಹಿಂದಿನಿಂದ ಬಾಗಿಲು ಬಿತ್ತು.

ಮುಂದಿನ ಬೇಸಿಗೆಗೆ ಮುಂಚೆಯೇ ಅವಳು ಸತ್ತ ಸುದ್ದಿಯನ್ನು ಅದೇ ಕಾವಲುಗಾರ ತಂದ. ವಯಸ್ಸಾಗಿತ್ತು, ಅಲ್ಲಿಯವರು ಚೆನ್ನಾಗೇ ನೋಡಿಕೊಂಡರು, ಆದರೆ ಸರಿಯಾಗಿ ತಿನ್ನಲೇ ಇಲ್ಲ ಎಂದ. ಚಾಚಾ ಮಷಿನ್ನು ಆಫ್ ಮಾಡಿ ಸ್ಟೂಲಿನ ಮೇಲೆ ಕೂತರು. ಟೀ ಕೊಡಲು ಹೋದ ನನ್ನ ಕಡೆ ನೋಡದೆ ಹೇಳಿದರು.

"ಯಾರು ಕರೆದ್ರೂ ಹೋಗ್ಲಿಲ್ಲ. ನಾನು ಕರೆದೆ, ಬಂದ್ಲು. ಎಲ್ಲಿಗೆ ಅಂತ ನಾನು ಹೇಳ್ಲೇ ಇಲ್ಲ ಬೇಟಿ."

ಆಮೇಲೆ ಅವರು ಬೋನಿನ ಕೆಲಸ ಹಿಡಿಯಲಿಲ್ಲ. ನಾಯಿಗೊಂದು, ಕೋಳಿಗೊಂದು ಮಾಡಿಕೊಡಿ ಎಂದು ಬಂದವರಿಗೆ ಬೇರೆ ಅಂಗಡಿ ತೋರಿಸುತ್ತಿದ್ದರು. ನನ್ನ ಮದುವೆಗೆ ಬಂದು ಹರಸಿದರು. ಅದಾದ ಮೇಲೆ ಎದೆನೋವು ಬಂದು, ಮೈಸೂರಿನ ಆಸ್ಪತ್ರೆ ತಲುಪುವ ಮೊದಲೇ ತೀರಿಕೊಂಡರು. ಚಾಚಿಯೂ ಹೋದ ವರ್ಷ...

ಮೊನ್ನೆ ಶಾಲೆಯ ಮಕ್ಕಳನ್ನು ಅದೇ ಸಫಾರಿಗೆ ಕರೆದುಕೊಂಡು ಹೋಗಿದ್ದೆ. ಆನೆ ಕಂಡವು, ಕಾಟಿ ಕಂಡವು, ಚಿರತೆ ಕಾಣಲಿಲ್ಲ. ಇಳಿಯುವಾಗ ಒಬ್ಬಳು ಕೇಳಿದಳು: "ಮಿಸ್, ನೀವು ಯಾವಾಗ್ಲಾದ್ರೂ ಚಿರತೆ ನೋಡಿದ್ದೀರಾ?"

"ನೋಡಿದೀನಿ."

"ಎಲ್ಲಿ ಮಿಸ್?"

"ಇಲ್ಲೇ. ಈ ಬಸ್ಸು ನಿಂತಿದೆಯಲ್ಲ, ಇಲ್ಲೇ ಮಣ್ಣಲ್ಲಿ ಹೊರಳಾಡ್ತಿದ್ಲು."

ಮಕ್ಕಳೆಲ್ಲ ಜೋರಾಗಿ ನಕ್ಕರು. ಕಾಲಡಿ ಇದ್ದದ್ದು ಡಾಂಬರು. ಹೌದು, ನಾವೂ ಇದ್ದೆವು, ನಾವೂ ನೋಡಿದೆವು ಎನ್ನಲು ನನ್ನ ಜೊತೆ ಯಾರೂ ಇರಲಿಲ್ಲ.