ಜನರಲ್ ಸಾಹೇಬನ ಸಿನಿಮಾ

ರೇಷ್ಮೆಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯುವಾಗ ಒಂದು ಸದ್ದು ಬರುತ್ತದೆ. ಕೇಳಿದವರೆಲ್ಲ ಅದು ಹೆಂಚಿನ ಮೇಲೆ ಸೋನೆಮಳೆ ಹಿಡಿದಂತೆ ಇರುತ್ತದೆ ಅನ್ನುತ್ತಾರೆ. ಇರಬಹುದು. ಮೊನ್ನೆ ನೆಂಟರ ಮನೆಯೊಂದರಲ್ಲಿ ಊಟಕ್ಕೆ ಕೂತಿದ್ದಾಗ ಪಕ್ಕದ ಕೋಣೆಯಿಂದ ಆ ಸದ್ದು ಕೇಳಿಸಿತು. ಜೊತೆಗೆ ಹಸಿ ಸೊಪ್ಪಿನ ವಾಸನೆ, ಹುಳುವಿನ ಹಿಕ್ಕೆಯ ಬೆಚ್ಚನೆಯ ಘಾಟು. ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ನಿಂತಿತು. ಇಷ್ಟು ವಯಸ್ಸಾದ ಮೇಲೂ ಆ ಸದ್ದು ಕಿವಿಗೆ ಬಿದ್ದ ಕೂಡಲೇ ಮೊದಲು ಬರುವುದು ಹೆದರಿಕೆ. ಯಾರೋ ಬಾಗಿಲಿಗೆ ಬಂದಿದ್ದಾರೆ, ನಾನು ಉಸಿರು ಬಿಗಿಹಿಡಿಯಬೇಕು ಅನ್ನಿಸುತ್ತದೆ. ನಿಮ್ಮಲ್ಲೂ ಕೆಲವರಿಗೆ ಹೀಗೆ ಆಗುತ್ತಿರಬಹುದು. ಮನೆ ಹೋಗಿರುತ್ತದೆ, ಮನೆಯವರು ಹೋಗಿರುತ್ತಾರೆ, ಆ ಮನೆಯಲ್ಲಿ ಕಲಿತ ಹೆದರಿಕೆ ಮಾತ್ರ ನಮ್ಮ ಜೊತೆ ಬಂದುಬಿಟ್ಟಿರುತ್ತದೆ.

ನಮ್ಮ ಮನೆ ಕೊಳ್ಳೇಗಾಲದಿಂದ ಯಳಂದೂರಿಗೆ ಹೋಗುವ ದಾರಿಯಲ್ಲಿತ್ತು. ಯಳಂದೂರು ಮೈಸೂರು ಮಹಾರಾಜರದು, ನಾವು ಮದರಾಸು ಸರ್ಕಾರದವರು. ಹೊಲದ ಬದುವಿನಿಂದಾಚೆಗೆ ಬೇರೆ ರಾಜ್ಯ. ಅಪ್ಪ ಕೊಳ್ಳೇಗಾಲದ ಶಾಲೆಯಲ್ಲಿ ಮೇಷ್ಟ್ರಾಗಿದ್ದರು. ಮನೆ ನಡೆಸುತ್ತಿದ್ದವಳು ಅಜ್ಜಿ. ಅಪ್ಪನ ಸಂಬಳಕ್ಕಿಂತ ಅಜ್ಜಿಯ ರೇಷ್ಮೆಹುಳುಗಳೇ ನಮ್ಮನ್ನು ಹೆಚ್ಚು ಸಾಕಿದವು. ಹಿತ್ತಿಲಲ್ಲಿ ಮಣ್ಣಿನ ಗೋಡೆಯ ಒಂದು ಉದ್ದನೆಯ ಮನೆ ಇತ್ತು, ಅದನ್ನು ಹುಳುಮನೆ ಎನ್ನುತ್ತಿದ್ದೆವು. ಅದಕ್ಕೊಂದು ಪುಟ್ಟ ಬಾಗಿಲು, ಸೂರಿಗೆ ಹತ್ತಿರ ಎರಡು ಕಿಂಡಿ. ಒಳಗೆ ಬಿದಿರಿನ ತಟ್ಟೆಗಳು ಒಂದರ ಮೇಲೊಂದು ಸಾಲಾಗಿ ನಿಂತಿರುತ್ತಿದ್ದವು. ಹುಳು ಸಾಕುವವರ ಮನೆಯಲ್ಲಿ ಒಂದು ಕಟ್ಟು ಇರುತ್ತದೆ, ಹೊರಗಿನವರು ಹುಳುಮನೆಗೆ ಕಾಲಿಡುವಂತಿಲ್ಲ. ಹುಳುವಿಗೆ ರೋಗ ತಗಲುತ್ತದೆ, ದೃಷ್ಟಿಯಾಗುತ್ತದೆ. ಊರಿಗೆ ಊರೇ ಈ ಕಟ್ಟನ್ನು ಗೌರವಿಸುತ್ತಿತ್ತು. ಅದಕ್ಕೇ ಅಜ್ಜಿ ನನ್ನ ಚಿಕ್ಕಪ್ಪನನ್ನು ಅಲ್ಲಿ ಬಚ್ಚಿಟ್ಟಿದ್ದಳು.

ಚಿಕ್ಕಪ್ಪನ ಹೆಸರು ಶಿವಮಲ್ಲು. ಅಪ್ಪನಿಗಿಂತ ಹತ್ತು ವರ್ಷ ಚಿಕ್ಕವನು. ಎಡಗೈಯವನು, ನಗುವಾಗ ಪಕ್ಕದ ಬೀದಿಗೆ ಕೇಳಿಸುವಂತೆ ನಗುತ್ತಿದ್ದವನು. ಅಪ್ಪನ ಜೊತೆ ಯಾವುದೋ ಮಾತಿಗೆ ಮುನಿಸಿಕೊಂಡು ಹೋಗಿ ಸೈನ್ಯದ ಪಲ್ಟನ್ ಸೇರಿದ್ದ. ಆಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು, ಅವನನ್ನು ಬರ್ಮಾಕ್ಕೆ ಕಳಿಸಿದರು. ಎರಡು ವರ್ಷದ ಮೇಲೆ ಒಂದು ಬೆಳಗಿನ ಜಾವ, ಕುರಿ ಕಾಯುವವರ ಹಾಗೆ ತಲೆಯ ಮೇಲಿಂದ ಕಂಬಳಿ ಹೊದ್ದುಕೊಂಡು, ಪಾಲಾರು ಹೊಳೆಯ ಕಡೆಯಿಂದ ನಡೆದು ಬಂದ. ರಜೆಯ ಮೇಲೆ ಹೊರಟವನು ಪಲ್ಟನ್ನಿಗೆ ಮತ್ತೆ ಹೋಗಿರಲಿಲ್ಲ. ಹಾಗೆ ಬಂದವರನ್ನು ಹಿಡಿದುಕೊಂಡು ಹೋಗುತ್ತಾರೆ, ಅವರನ್ನು ಇಟ್ಟುಕೊಂಡ ಮನೆಯವರನ್ನೂ ಬಿಡುವುದಿಲ್ಲ ಎಂದು ಅಪ್ಪ ಅವ್ವನಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ನನಗಾಗ ಒಂಬತ್ತು ವರ್ಷ. ಸೊಪ್ಪಿನ ಕುಕ್ಕೆಯನ್ನು ಹುಳುಮನೆಗೆ ಹೊತ್ತುಕೊಂಡು ಹೋಗುವ ಕೆಲಸ ನನ್ನದಾಗಿದ್ದರಿಂದ ನನ್ನಿಂದ ಮುಚ್ಚಿಡುವಂತಿರಲಿಲ್ಲ. ಅಜ್ಜಿ ನನ್ನನ್ನು ಒಲೆಯ ಮುಂದೆ ಕೂರಿಸಿಕೊಂಡು, ಎರಡೂ ಕೈಯಿಂದ ನನ್ನ ಮುಖ ಹಿಡಿದು, ಯಾರ ಮುಂದೆಯೂ ಉಸಿರೆತ್ತಬೇಡ ಎಂದಳು. ಆ ದಿನದಿಂದ ಶಾಲೆಯಲ್ಲಿ ನನಗೆ ಗೆಳತಿಯರೇ ಇಲ್ಲವಾದರು. ಮಾತಾಡಿದರೆ ಎಲ್ಲಿ ಬಾಯಿ ಜಾರುವುದೋ ಎಂದು ಮಾತನ್ನೇ ಬಿಟ್ಟಿದ್ದೆ.

ಹಾಗೆ ಬಂದ ಚಿಕ್ಕಪ್ಪ ನಗುತ್ತಿರಲಿಲ್ಲ. ಕೆಮ್ಮು ಬಂದರೆ ಕಂಬಳಿಯನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದ. ಹಗಲೆಲ್ಲ ತಟ್ಟೆಗಳ ನಡುವೆ ಕೂತು ಸೊಪ್ಪು ಹೆಚ್ಚುತ್ತಿದ್ದ, ಹಿಕ್ಕೆ ತೆಗೆಯುತ್ತಿದ್ದ. ಅಜ್ಜಿ ಸೊರಗಿದ ಹುಳುಗಳನ್ನು ಆರಿಸಿ ಎಸೆಯಲು ಹೇಳಿದರೆ ಅವನು ಎಸೆಯುತ್ತಿರಲಿಲ್ಲ. ಅವಕ್ಕೇ ಒಂದು ಬೇರೆ ತಟ್ಟೆ ಮಾಡಿ ಎಳೆ ಚಿಗುರು ಹಾಕುತ್ತಿದ್ದ. ಅವು ಬದುಕುತ್ತಿರಲಿಲ್ಲ. ಯಾಕೆ ಹಾಗೆ ಮಾಡುತ್ತೀಯ ಎಂದು ಒಂದು ದಿನ ಕೇಳಿದೆ. ಬರ್ಮಾದ ಕಾಡಿನಲ್ಲಿ ಸೋತು ಹಿಂದಕ್ಕೆ ಬರುವಾಗ ನಡೆಯಲಾಗದವರನ್ನೆಲ್ಲ ಬಿಟ್ಟು ಬರಬೇಕೆಂದು ಮೇಲಿನವರ ಹುಕುಂ ಆಯಿತು, ಬಿಟ್ಟು ಬಂದೆವು, ಅವರಲ್ಲೊಬ್ಬ ನನ್ನ ಹೆಸರು ಹಿಡಿದು ಕೂಗುತ್ತಿದ್ದ ಎಂದಷ್ಟೇ ಹೇಳಿದ. ಅವನು ಯಾಕೆ ತಿರುಗಿ ಹೋಗಲಿಲ್ಲ ಎಂಬುದಕ್ಕೆ ಅದಕ್ಕಿಂತ ಹೆಚ್ಚಿನ ಉತ್ತರ ನಮ್ಮ ಮನೆಯಲ್ಲಿ ಯಾರಿಗೂ ಸಿಗಲಿಲ್ಲ.

ಒಮ್ಮೆ ಒಬ್ಬ ಪೊಲೀಸಿನವನು ಬಂದು ಚಿಕ್ಕಪ್ಪನನ್ನು ವಿಚಾರಿಸಿದ. ಮನೆಯೆಲ್ಲ ನೋಡಿ ಹುಳುಮನೆಯ ಕಡೆ ಹೆಜ್ಜೆ ಇಟ್ಟ. ಅಜ್ಜಿ ಬಾಗಿಲಿಗೆ ಅಡ್ಡ ಕೂತಿದ್ದಳು. “ಉಳ ಜ್ವರಕ್ಕೆ ಕುಂತವೆ ಸಾ. ಒರಗಿನೋರು ಕಾಲಿಕ್ಕುದ್ರೆ ಒಂದೂ ಉಳಿಯಾಕಿಲ್ಲ,” ಎಂದಳು. ಹುಳು ಪೊರೆ ಬಿಡುವ ಮೊದಲು ಮೇವು ಬಿಟ್ಟು ಮಲಗುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಪೊಲೀಸಿನವನ ಮನೆಯಲ್ಲೂ ಹುಳು ಸಾಕುತ್ತಿದ್ದರೋ ಏನೋ, ಮರುಮಾತಾಡದೆ ಹೊರಟುಹೋದ. ಆದರೆ ಆ ಕಾವಲು ಎಷ್ಟು ದಿನದ್ದು? ಹುಳು ಹಣ್ಣಾಗಿ, ಗೂಡು ಕಟ್ಟಿ, ಗೂಡು ಸಂತೆಗೆ ಹೋದ ಮೇಲೆ ಹುಳುಮನೆ ಬರಿದಾಗುತ್ತದೆ. ಬರಿಯ ಮನೆಗೆ ಯಾರು ಬೇಕಾದರೂ ಬರಬಹುದು. ಅವ್ವ ಮತ್ತು ಅಜ್ಜಿ ಇಬ್ಬರೂ ಬೆರಳು ಮಡಿಸಿ ದಿನ ಎಣಿಸುತ್ತಿದ್ದರು.

ಹುಳುಗಳು ನಾಲ್ಕನೆಯ ಜ್ವರದಿಂದೆದ್ದು ಹಸಿದು ಹಸಿದು ಮೇಯುತ್ತಿದ್ದ ವಾರದಲ್ಲೇ ಕೊಯಮತ್ತೂರಿನಿಂದ ಸರ್ಕಾರದ ಸಿನಿಮಾ ಮೋಟಾರು ಬರುವ ಸುದ್ದಿ ಬಂತು. ಸೈನ್ಯಕ್ಕೆ ಜನ ಸೇರಿಸುವುದಕ್ಕೆ ಊರೂರಿಗೆ ತೋರಿಸುತ್ತಿದ್ದ ಸಿನಿಮಾ. ಹಿಂದಿನ ಯುದ್ಧವನ್ನು ಗೆದ್ದ ಒಬ್ಬ ಇಂಗ್ಲಿಷ್ ಜನರಲ್‌ನ ಜೀವನಚರಿತ್ರೆ. ಅವನ ಹೆಸರು ನಮ್ಮ ಕಡೆಗೂ ತಿಳಿದಿತ್ತು. ಕೆಲವರು ಅವನಂಥ ಗಂಡು ಇನ್ನೊಬ್ಬ ಹುಟ್ಟಲಿಲ್ಲ ಎನ್ನುತ್ತಿದ್ದರು, ಆ ಯುದ್ಧಕ್ಕೆ ಹೋಗಿ ಬಂದಿದ್ದ ಮುದುಕರು ಅವನು ಒಂದು ಗುಡ್ಡಕ್ಕಾಗಿ ತನ್ನವರನ್ನೇ ತಿಂದುಹಾಕಿದವನು ಎಂದು ಉಗುಳುತ್ತಿದ್ದರು. ಚಿಕ್ಕಪ್ಪ ಕವಾಯತು ಕಲಿತ ಜಾಗದಲ್ಲಿ ಗೋಡೆಯ ಮೇಲೆ ಅವನ ಪಟವಿತ್ತಂತೆ, ಅದಕ್ಕೆ ಸಲಾಮು ಹೊಡೆದೇ ಒಳಗೆ ಹೋಗಬೇಕಿತ್ತಂತೆ. ಸಿನಿಮಾದ ಮಾತೆಲ್ಲ ಇಂಗ್ಲಿಷಿನಲ್ಲಿದ್ದುದರಿಂದ ಪರದೆಯ ಪಕ್ಕದಲ್ಲಿ ನಿಂತು ಜನಕ್ಕೆ ಕನ್ನಡದಲ್ಲಿ ಹೇಳಬೇಕೆಂದು ಅಪ್ಪನಿಗೆ ಹುಕುಂ ಬಂತು. ಅಪ್ಪ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಒಲ್ಲೆ ಎಂದರೆ ಯಾಕೆ ಎಂದು ಕೇಳುತ್ತಾರೆ.

ಶಾಲೆಯ ದೊಡ್ಡ ಕೋಣೆಯ ಕಿಟಕಿಗಳಿಗೆಲ್ಲ ಕರಿಕಂಬಳಿ ಹೊಡೆದು ಮಧ್ಯಾಹ್ನವನ್ನೇ ಕತ್ತಲು ಮಾಡಿದ್ದರು. ಹೊರಗೆ ಮೋಟಾರಿನ ಯಂತ್ರ ಗುಡುಗುಡು ಅನ್ನುತ್ತಿತ್ತು. ಕಂಬಳಿಯ ಘಾಟು, ಬೆವರು, ಬೀಡಿ ಹೊಗೆ. ಮಕ್ಕಳಾದ ನಾವು ಮುಂದೆ ನೆಲದ ಮೇಲೆ. ಪರದೆ ಬೆಳಗಿದಾಗ ಎಲ್ಲರೂ ಓ ಎಂದರು. ಜನರಲ್ ಮೊದಲು ಚಿಕ್ಕ ಹುಡುಗನಾಗಿ ಕುದುರೆಮರಿ ಹತ್ತಿದ, ಅವನ ತಾಯಿ ಅವನ ಕೂದಲು ನೇವರಿಸಿದಳು. ನೋಡನೋಡುತ್ತ ಮೀಸೆ ಬಂದು ದೊಡ್ಡವನಾದ, ಫಿರಂಗಿಗಳು ಸಿಡಿದವು, ರಾಜ ಅವನ ಎದೆಗೆ ಪದಕ ಚುಚ್ಚಿದ. ಅಪ್ಪ ಎಲ್ಲವನ್ನೂ ಪಾಠ ಹೇಳುವ ದನಿಯಲ್ಲಿ ಹೇಳುತ್ತಾ ಹೋದರು. ಅವನು ವೇಷ ಹಾಕಿದ ನಟನೆಂದು ನನಗೆ ಗೊತ್ತಿರಲಿಲ್ಲ. ನನ್ನ ಮಟ್ಟಿಗೆ ಅವನೇ ಜನರಲ್. ತಿಳಿಗಣ್ಣಿನವನು, ರೆಪ್ಪೆ ಬಡಿಯದವನು. ಎಲ್ಲಿ ಸರಿದು ಕೂತರೂ ನನ್ನನ್ನೇ ನೋಡುತ್ತಿದ್ದ.

ಆಮೇಲೆ ಒಬ್ಬ ಸಿಪಾಯಿಯನ್ನು ಕೈ ಕಟ್ಟಿ ಎಳೆದು ತಂದರು. ಟೋಪಿ ಇರಲಿಲ್ಲ, ಅಂಗಿ ಹರಿದಿತ್ತು, ಇನ್ನೂ ಹುಡುಗ. ಜನರಲ್ ಮೇಜಿನ ಮುಂದೆ ಕೂತು ಬೇಯಿಸಿದ ಮೊಟ್ಟೆ ತಿನ್ನುತ್ತಿದ್ದ. ಚಮಚದ ಹಿಂಬದಿಯಿಂದ ಓಡನ್ನು ಮೆಲ್ಲಗೆ ತಟ್ಟಿದ, ತಲೆ ಎತ್ತದೆ ಏನೋ ಒಂದು ಮಾತು ಹೇಳಿದ. ಕೋಣೆಯೆಲ್ಲ ಅಪ್ಪನ ಮಾತಿಗೆ ಕಾಯಿತು. ಅಪ್ಪ ಸುಮ್ಮನೆ ನಿಂತಿದ್ದರು. ಕೋಣೆಯ ಹಿಂದೆ ಸಿನಿಮಾ ಯಂತ್ರದ ಹತ್ತಿರ ನಿಂತಿದ್ದ, ಮೋಟಾರಿನ ಜೊತೆ ಬಂದಿದ್ದ ಆಫೀಸರು ತಮಿಳಿನಲ್ಲಿ, “ಸೊಲ್ಲುಂಗ ವಾತ್ತಿಯಾರೇ,” ಎಂದರು, ಹೇಳಿ ಮೇಷ್ಟ್ರೇ ಎಂದು. ಅಪ್ಪ ಜನರ ಕಡೆ ತಿರುಗಿದರು.

“ಈ ಹುಡುಗ ಓಡಿಬಂದವ್ನೆ, ಆದ್ರೆ ದಣಿದವ್ನೆ. ಇವನನ್ನ ಇವನವ್ವನ ತಾವ ಕಳಿಸ್ಬುಡಿ ಅಂತಾವ್ರೆ ಜನರಲ್ ಸಾಹೇಬರು.”

ಜನ ತಲೆದೂಗಿದರು. ಮರುಕ್ಷಣ ಪರದೆಯ ಮೇಲೆ ಒಂದು ಕಂಬ ಬಂತು. ಹುಡುಗನನ್ನು ಅದಕ್ಕೆ ಕಟ್ಟಿದರು, ಕಣ್ಣಿಗೆ ಬಟ್ಟೆ ಬಿಗಿದರು. ಬಂದೂಕುಗಳು ಸಾಲಾಗಿ ಎದ್ದವು. ಹೊಗೆ ಕರಗಿದಾಗ ಹುಡುಗ ಕಂಬಕ್ಕೆ ಜೋತುಬಿದ್ದಿದ್ದ. ಹಿಂದೆ ಯಾರೋ, ಕಳಿಸಿ ಅಂದ್ರು ಅಂದ್ರಲ್ಲ ಮೇಷ್ಟ್ರೇ ಎಂದು ಕೇಳಿದರು, ನಾಲ್ಕಾರು ಜನ ನಕ್ಕರು. ನಾನು ಹಿಂದಿರುಗಿ ನೋಡಿದೆ. ಯಂತ್ರದ ಬೆಳಕಿನಲ್ಲಿ ಆಫೀಸರು ನಗದೆ ಅಪ್ಪನನ್ನೇ ನೋಡುತ್ತಿದ್ದರು. ಜೇಬಿನಿಂದ ಚಿಕ್ಕ ಪುಸ್ತಕ ತೆಗೆದು ಏನೋ ಬರೆದುಕೊಂಡರು. ನನ್ನ ಕಾಲ ಕೆಳಗೆ ನೆಲ ಒದ್ದೆಯಾಗಿದ್ದು ನನಗೆ ಆಮೇಲೆ ತಿಳಿಯಿತು.

ಮನೆಗೆ ಬರುವಾಗ ದಾರಿಯುದ್ದಕ್ಕೂ ಅಪ್ಪ ನನ್ನ ಕೈ ಬಿಡಲಿಲ್ಲ. ಮನೆಯಲ್ಲಿ ಏನೂ ಹೇಳಬೇಡ ಎಂದರು. ಹೊತ್ತು ಮುಳುಗುವ ಮೊದಲು ಸೊಪ್ಪಿನ ಕುಕ್ಕೆ ಹೊತ್ತು ಹುಳುಮನೆಗೆ ಹೋದೆ. ಅಷ್ಟೂ ತಟ್ಟೆಗಳಲ್ಲಿ ಹುಳು ಮೇಯುವ ಸದ್ದು ತುಂಬಿತ್ತು. ಚಿಕ್ಕಪ್ಪನ ಮುಖ ನೋಡಿದ್ದೇ ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ. ಮೊಟ್ಟೆ, ಕಂಬ, ಬಂದೂಕು, ಅಪ್ಪ ಆಡಿದ ಮಾತು. ಅವನು ಸೊಪ್ಪು ಹರಡುವುದನ್ನು ನಿಲ್ಲಿಸಲಿಲ್ಲ.

“ಕಣ್ಣು ಕಟ್ಟಿದ್ರಾ ಅವ್ನಿಗೆ?” ಎಂದು ಕೇಳಿದ.

ಹೂಂ ಎಂದೆ.

“ಒಳ್ಳೇದಾಯ್ತು ಬುಡು.”

ಅಲ್ಲಿಗೆ ನಿಲ್ಲಿಸಿದ್ದರೆ ಈ ಬರಹವನ್ನು ನಾನು ಬರೆಯುತ್ತಿರಲಿಲ್ಲ. ನಿಲ್ಲಿಸಲಿಲ್ಲ. ಅಪ್ಪನನ್ನು ಆ ಕಂಬಕ್ಕೆ ಕಟ್ಟಿದ ಹಾಗೆ ನನ್ನ ಕಣ್ಣಿಗೆ ಕಾಣಿಸುತ್ತಿತ್ತು. ಚಿಕ್ಕಪ್ಪ ಹೋದರೆ ಅಪ್ಪ ಉಳಿಯುತ್ತಾರೆ, ಅಷ್ಟೇ ನನ್ನ ತಲೆಯಲ್ಲಿದ್ದುದು. ನಾನು ಸುಳ್ಳು ಹೇಳಿದೆ. “ಆಫೀಸರು ನಿನ್ ಎಸ್ರು ಕೇಳ್ದ ಚಿಕ್ಕಪ್ಪ. ನಮ್ಮನೆ ಎಲ್ಲಿ ಅಂದ. ನಾಳೀಕೆ ಬತ್ತನಂತೆ,” ಎಂದೆ. ಚಿಕ್ಕಪ್ಪ ನನ್ನನ್ನು ಸ್ವಲ್ಪ ಹೊತ್ತು ನೋಡಿದ. ನನ್ನ ಹಲ್ಲು ಕಟಕಟ ಅನ್ನುತ್ತಿತ್ತು. ಅವನು ಎಡಗೈಯಿಂದ ನನ್ನ ನೆತ್ತಿ ಸವರಿ, “ಓಗವ್ವ, ಉಣ್ಣೋಗು,” ಎಂದ.

ಬೆಳಿಗ್ಗೆ ಎದ್ದಾಗ ಅಜ್ಜಿ ಹುಳುಮನೆಯ ಬಾಗಿಲಲ್ಲಿ ಕಾಲು ಚಾಚಿ ಕೂತಿದ್ದಳು. ಅಳುತ್ತಿರಲಿಲ್ಲ. ಚಿಕ್ಕಪ್ಪ ನಸುಕಿನಲ್ಲೇ ಎದ್ದು ಗೋಪಿನಾಥಂ ಕಡೆಗೆ ಹೋದನೆಂದು ಅವ್ವ ಪಿಸುಮಾತಿನಲ್ಲಿ ಹೇಳಿದಳು. ಅಲ್ಲಿ ಕಾಡಿನಂಚಿನಲ್ಲಿ ಮೀನು ಹಿಡಿಯುವ ಒಬ್ಬ ಗೆಳೆಯನಿದ್ದನಂತೆ. ಅಂದೇ ಹುಳುಗಳು ಹಣ್ಣಾಗತೊಡಗಿದ್ದವು, ಮೈ ಹೊಳಪೇರಿ ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತಿದ್ದವು. ನಾವೆಲ್ಲ ಅವನ್ನು ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದೆವು. ಆಗ ಬೀದಿಬಾಗಿಲಲ್ಲಿ ಬೂಟಿನ ಸದ್ದಾಯಿತು. ಆಫೀಸರು ಬಂದಿದ್ದರು. ನನ್ನ ಸುಳ್ಳು ನಡೆದುಕೊಂಡು ಮನೆಗೆ ಬಂದಿತ್ತು.

ಅಪ್ಪ ಮಣೆ ಹಾಕಿದರು, ಅವ್ವ ಮಜ್ಜಿಗೆ ತಂದಿಟ್ಟಳು. ನಾನು ಕಂಬದ ಹಿಂದೆ ನಿಂತಿದ್ದೆ. ಆಫೀಸರು ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟು, ತಡವರಿಸುವ ಕನ್ನಡದಲ್ಲಿ, “ನನಗೆ ಕನ್ನಡ ಬರಲ್ಲ ಅಂದ್ಕೊಂಡ್ರಾ ವಾತ್ತಿಯಾರೇ?” ಎಂದರು. ಆಫೀಸರು ಅಂಗಳದ ಕಡೆ ನೋಡುತ್ತ ಮೆಲ್ಲಗೆ ಹೇಳಿದರು: “ನನ್ನ ತಂಬಿ, ತಮ್ಮ, ಬರ್ಮಾದಲ್ಲಿ ಇದಾನೆ. ಆರು ತಿಂಗಳಿಂದ ಕಾಗದ ಇಲ್ಲ. ಆ ಸಿನಿಮಾ ಎಷ್ಟೋ ಊರಲ್ಲಿ ತೋರಿಸಿದೀನಿ. ನೆನ್ನೆ ನೀವು ಹೇಳಿದ್ದು ಕೇಳಿ, ಅಷ್ಟು ಹೊತ್ತು ಮನಸ್ಸಿಗೆ ಆರಾಮಾಗಿತ್ತು. ಅದನ್ನ ಹೇಳೋಣ ಅಂತ ಬಂದೆ.” ಹಿಂದಿನ ದಿನ ಬರೆದುಕೊಂಡದ್ದು ಅಪ್ಪನ ಆ ಮಾತನ್ನೇ ಎಂದೂ, ಅದನ್ನು ಊರಿನಲ್ಲಿರುವ ತಾಯಿಗೆ ಬರೆದು ಕಳಿಸುವುದಾಗಿಯೂ ಹೇಳಿದರು. ಬೇರೆ ಯಾರ ಹೆಸರನ್ನೂ ಕೇಳಲಿಲ್ಲ. ಏಳುವಾಗ, ರೇಷ್ಮೆಹುಳು ಗೂಡು ಕಟ್ಟುವುದನ್ನು ತಾವು ನೋಡೇ ಇಲ್ಲ, ದೂರದಿಂದ ನೋಡಬಹುದೇ ಎಂದರು. ಅಜ್ಜಿ ಬಾಗಿಲಿನಿಂದ ಸರಿದು ದಾರಿ ಬಿಟ್ಟಳು. ಅವರು ಹೊಸ್ತಿಲಾಚೆ ನಿಂತು, ಬಗ್ಗಿ, ಚಿಕ್ಕ ಮಕ್ಕಳ ಹಾಗೆ ಕಣ್ಣರಳಿಸಿ ನೋಡಿ, ಕೈಮುಗಿದು ಹೊರಟರು.

ಆಮೇಲೆ ಯುದ್ಧ ಮುಗಿಯಿತು. ಓಡಿಬಂದವರನ್ನು ಹುಡುಕುವವರೂ ಇಲ್ಲವಾದರು. ಅಕ್ಕಪಕ್ಕದ ಊರುಗಳಲ್ಲಿ ಬಚ್ಚಿಟ್ಟುಕೊಂಡಿದ್ದ ಒಬ್ಬಿಬ್ಬರು ಸಂತೆಯಲ್ಲಿ ತಿರುಗಾಡತೊಡಗಿದರು. ನಮ್ಮವನು ಬರಲಿಲ್ಲ. ಅಪ್ಪ ಅಜ್ಜೀಪುರದವರೆಗೆ ಗಾಡಿಯಲ್ಲಿ ಹೋಗಿ, ಅಲ್ಲಿಂದ ಬೆಟ್ಟ ಹತ್ತಿಳಿದು, ಪಾಲಾರು ದಾಟಿ ಗೋಪಿನಾಥಂ ಸೇರಿ ವಿಚಾರಿಸಿದರು. ಹೋದ ಒಂದು ತಿಂಗಳಿಗೇ ಚಿಕ್ಕಪ್ಪನಿಗೆ ಕಾಡಿನ ಚಳಿಜ್ವರ ಹಿಡಿದಿತ್ತು. ಅಲ್ಲಿಯವರೇ ಹೊಳೆಯ ದಂಡೆಯಲ್ಲಿ ಮಣ್ಣು ಮಾಡಿದ್ದರು. ಅಪ್ಪ ತಿರುಗಿ ಬಂದು ಜಗುಲಿಯ ಮೇಲೆ ಕೂತಾಗ ಅಜ್ಜಿ ನೀರು ಕಾಯಿಸಿ ಅವರ ಕಾಲು ತೊಳೆದಳು. ಮುಂದೆ ಅವಳು ಹುಳು ಸಾಕಲಿಲ್ಲ.

ನನ್ನ ಸುಳ್ಳನ್ನು ನಾನು ಎಂಟು ವರ್ಷ ಯಾರಿಗೂ ಹೇಳಲಿಲ್ಲ. ನನ್ನ ಮದುವೆಯ ಹಿಂದಿನ ದಿನ, ಚಪ್ಪರದ ಕೆಳಗೆ ಅಪ್ಪ ಒಬ್ಬರೇ ಮಾವಿನೆಲೆ ಪೋಣಿಸುತ್ತಾ ಕೂತಿದ್ದಾಗ, ಅವರ ಪಕ್ಕದಲ್ಲಿ ಕೂತು ಹೇಳಿಬಿಟ್ಟೆ. ಅಪ್ಪ ಕೆಲಸ ನಿಲ್ಲಿಸಿದರು.

“ಅದು ಸುಳ್ಳು ಅಂತ ಅವ್ನಿಗೆ ಗೊತ್ತಿತ್ತು ಕಣವ್ವ,” ಎಂದರು. “ಸಿನಿಮಾ ತಾವ ನಾನೂ ಇದ್ನಲ್ಲ, ಆ ರಾತ್ರಿ ನನ್ನ ಕೇಳ್ದ. ಯಾರೂ ಏನೂ ಕೇಳ್ನಿಲ್ಲ ಕಣ್ಲಾ, ಓಗ್ಬ್ಯಾಡ ಅಂತ ನಾನೂ ಅಂದೆ. ಮಗು ಬಲು ಎದರ್ಕಂಡದೆ ಅಣ್ಣ, ನಾನಿರಗಂಟ ಅದು ನಿದ್ದೆ ಮಾಡಾಕಿಲ್ಲ ಅಂದ. ಅಷ್ಟೇ ಅಂದಿದ್ದು.”

ಅಪ್ಪ ಹೋದರು, ಅವ್ವ ಹೋದಳು. ಅಜ್ಜಿ ಅವರಿಗಿಂತ ಮೊದಲೇ ಹೋಗಿದ್ದಳು. ಮನೆ ಇದ್ದ ಜಾಗದಲ್ಲಿ ಈಗ ಬೇರೆಯವರ ತೆಂಗಿನ ತೋಟವಿದೆ. ಚಿಕ್ಕಪ್ಪನ ಒಂದು ಪಟವನ್ನೂ ನಾವು ತೆಗೆಸಿರಲಿಲ್ಲ. ಅವನು ಇದ್ದನೆಂದು ಬಲ್ಲವರಲ್ಲಿ ಉಳಿದಿರುವವಳು ನಾನೊಬ್ಬಳೇ. ಒಮ್ಮೊಮ್ಮೆ ಅವನ ಮುಖ ತಂದುಕೊಳ್ಳಲು ಕೂರುತ್ತೇನೆ. ಹಣೆ ಬರುತ್ತದೆ, ಹುಬ್ಬು ಬರುತ್ತದೆ. ಅವನು ನಗುತ್ತಿದ್ದ ಕಾಲದ ಬಾಯಿ ಹೇಗಿತ್ತೆಂಬುದು ಎಷ್ಟು ಹೊತ್ತು ಕೂತರೂ ಬರುವುದಿಲ್ಲ.