ಎಡಗಣ್ಣಿನ ಹಸಿರು, ಬಲಗಣ್ಣಿನ ಹಸಿರು

ಮಗ್ಗಗಳ ಊರಾದ ಭಾಗ್ಯನಗರದ ಓಣಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ನೂಲಿಗೆ ಬಣ್ಣ ಹಾಕುವ ವಿರೂಪಾಕ್ಷಮ್ಮ ಕುದಿಯುವ ಹಂಡೆಯಿಂದ ಹಸಿರು ನೂಲಿನ ಲಡಿಯೊಂದನ್ನು ಕೋಲಿನಿಂದ ಎತ್ತಿ, ನೀರು ಸೋರಲು ಬಿಡುತ್ತಾರೆ. ಎಡಗಣ್ಣು ಮುಚ್ಚಿ ನೋಡುತ್ತಾರೆ. ಆಮೇಲೆ ಬಲಗಣ್ಣು ಮುಚ್ಚಿ ನೋಡುತ್ತಾರೆ. ಲಡಿಯನ್ನು ಮತ್ತೆ ಹಂಡೆಗಿಳಿಸಿ ಒಲೆಯ ಮುಂದೆ ಕುಕ್ಕರಿಸುತ್ತಾರೆ.

"ಒಂದು ಕಣ್ಣು ಸಾಕು ಅಂತೈತಿ, ಇನ್ನೊಂದು ಹಳದಿ ಇನ್ನಷ್ಟು ಹಾಕು ಅಂತೈತಿ. ಯಾರ ಮಾತು ಕೇಳಲಿರಿ ನಾನು?"

ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆಯ ಪಕ್ಕ ನಿಂತು ಕಲಿತ ಕೆಲಸವಿದು. ಗಂಡ ತೀರಿಕೊಂಡ ಮೇಲೆ ಇದೇ ಹಂಡೆ ಮನೆಯನ್ನು ನಡೆಸಿದೆ. ಬಿಸಿನೀರು, ಸೋಡಾ, ಹೊಗೆ ಎಲ್ಲ ಸೇರಿ ಕೈಯ ಚರ್ಮ ಒರಟಾಗಿದೆ. ಉಗುರಿನ ಸಂದಿಯ ಬಣ್ಣವಂತೂ ಹಬ್ಬಕ್ಕೂ ಹೋಗುವುದಿಲ್ಲ. ನಮೂನೆ ಎದುರಿಗಿಟ್ಟುಕೊಂಡು ಬಣ್ಣ ಹಾಕಿದವರಲ್ಲ ಅವರು. ಗಿಳಿಹಸಿರು, ನೇರಳೆ ಎಂದು ಹೆಸರು ಹೇಳಿದರೆ ಸಾಕು, ನೆನಪಿನಿಂದಲೇ ಬಣ್ಣ ಕೂಡಿಸುತ್ತಿದ್ದರು. ಅವರ ಹಸಿರಿಗೆ ನೇಕಾರರಲ್ಲಿ ತುಸು ಹೆಸರೂ ಇದೆ. ಸೀರೆ ಉಟ್ಟವರಿಗೆ ಮಾತ್ರ ಆ ಹಸಿರು ಯಾರ ಕೈಯದೆಂದು ಗೊತ್ತಿಲ್ಲ.

ಮಳೆಗಾಲ ಮುಗಿದ ಮೇಲೆ ಬಲಗಣ್ಣಿನ ಪೊರೆ ತೆಗೆಸಿದ್ದಾರೆ. ಪಟ್ಟಿ ಬಿಚ್ಚಿದ ದಿನ ಆಸ್ಪತ್ರೆಯ ಬಿಳಿ ಗೋಡೆ ನೀಲಿ ಹಚ್ಚಿ ತೊಳೆದ ಧೋತರದಂತೆ ಹೊಳೆಯಿತಂತೆ. ಹಿಗ್ಗಿ ಮನೆಗೆ ಬಂದು ಹಂಡೆ ಹೂಡಿದರು. ಆದರೆ ಆ ನೂಲು ಮಗ್ಗಕ್ಕೆ ಹೋದ ಕೆಲವೇ ದಿನಕ್ಕೆ ಮಗ್ಗದ ಮಾಲೀಕ ಕಳಕಪ್ಪ ತಾನೇ ಲಡಿಗಳನ್ನು ಹೊತ್ತು ತಂದ. ಅರ್ಧ ನೇಯ್ದ ಸೀರೆಗೆ ಹೊಸ ನೂಲು ಸೇರಿದ ಕಡೆ ಪಟ್ಟೆ ಎದ್ದಿತ್ತು. ಹಸಿರು ಹಳದಿಗೆ ತಿರುಗಿತ್ತು. ಅವನು ಬೈಯಲಿಲ್ಲ. ಇನ್ನೊಮ್ಮೆ ಹೀಗಾದರೆ ಬಣ್ಣದ ನೂಲನ್ನು ಹೊರಗಿನಿಂದ ತರಿಸಬೇಕಾಗುತ್ತದೆ ಎಂದಷ್ಟೇ ಹೇಳಿ ಹೋದ. ಬೈದಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ ವಿರೂಪಾಕ್ಷಮ್ಮ.

ಪಕ್ಕದ ಮನೆಯ ಲಲಿತಾ ಯಲಬುರ್ಗಾದ ಶಾಲೆಯೊಂದಕ್ಕೆ ಬಸ್ಸಿನಲ್ಲಿ ಹೋಗಿಬರುವ ಚಿತ್ರಕಲಾ ಶಿಕ್ಷಕಿ. ಮಕ್ಕಳಿಗಾಗಿ ಬರೆದ ವರ್ಣಚಕ್ರವನ್ನು ತಂದು ತೋರಿಸಿದಳು. ಕೆಂಪು, ಹಳದಿ, ನೀಲಿ ಮೂಲ ಬಣ್ಣ. ಒಂದಕ್ಕೊಂದು ಕೂಡಿದರೆ ನಡುವೆ ಕೇಸರಿ, ಹಸಿರು, ನೇರಳೆ. ವಿರೂಪಾಕ್ಷಮ್ಮ ಒಂದೊಂದೇ ಕಣ್ಣು ಮುಚ್ಚಿ ನೋಡಿದರು. ಬಲಗಣ್ಣಿಗೆ ಆರೂ ಬಣ್ಣ ಬೇರೆ ಬೇರೆ. ಎಡಗಣ್ಣಿಗೆ ನೇರಳೆ ಕಂದಿ ಮಣ್ಣಾಯಿತು, ನೀಲಿ ಹಸಿರಿನ ಹತ್ತಿರಕ್ಕೆ ಸರಿಯಿತು. ಲಲಿತಾ ತಾನೂ ಹಾಗೇ ನೋಡಿದಳು, ಅವಳಿಗೇನೂ ಬದಲಾಗಲಿಲ್ಲ. ಒಂದೇ ಹಸಿರು ಕೆಂಪಿನ ಪಕ್ಕ ಒಂದು ಥರ, ಹಳದಿಯ ಪಕ್ಕ ಇನ್ನೊಂದು ಥರ ಕಾಣುತ್ತದೆಂದು ಪಾಠ ಮಾಡುವವಳು, ಕಣ್ಣಿಂದ ಕಣ್ಣಿಗೇ ಚಕ್ರ ಬದಲಾಗುವುದೇಕೆಂದು ಡಾಕ್ಟರನ್ನೇ ಕೇಳಲು ಹೇಳಿದಳು.

ಗಂಟು ಬಿಡಿಸಿದವರು ಕಣ್ಣಿನ ಡಾಕ್ಟರು. ಪೊರೆ ಅಂದರೆ ಹಳದಿ ಗಾಜು ಇದ್ದಂತೆ, ನೀಲಿಯನ್ನು ಒಳಗೆ ಬಿಡುವುದಿಲ್ಲ ಎಂದರು. ಅಂದರೆ ನೀಲಿ ಕಡಿಮೆ ಕಂಡಂತೆಲ್ಲ ವಿರೂಪಾಕ್ಷಮ್ಮ ಹಂಡೆಗೆ ನೀಲಿಯನ್ನು ಹೆಚ್ಚಿಸುತ್ತ ಬಂದಿದ್ದರು. ಊರು ಮೆಚ್ಚಿದ ಹಸಿರು ಪೊರೆ ಬಂದ ಕಣ್ಣಿನ ಹಸಿರು. ಪೊರೆ ಹೋದ ಕಣ್ಣಿಗೆ ತುಸು ನೀಲಿಯೇ ಸಾಕೆನಿಸಿ, ಹೊಸ ನೂಲು ಹಳದಿಗೆ ತಿರುಗಿತ್ತು. ಎಷ್ಟು ವರ್ಷದಿಂದ ಹೀಗೆ ಎಂದು ಕೇಳಿದರೆ ಡಾಕ್ಟರಿಗೂ ಗೊತ್ತಿಲ್ಲ.

"ಅತ್ತಿ ಕಲಿಸಿದ ಹಸಿರು ಯಾವುದಿತ್ತೋ, ಅದೂ ಈಗ ನೆನಪಿಲ್ರಿ," ಎಂದು ಅವರು ಗೋಡೆಗೆ ಒರಗುತ್ತಾರೆ.

ಎಡಗಣ್ಣಿನ ಪೊರೆಯನ್ನೂ ತೆಗೆಸಬೇಕು. ಅದು ಹೋದರೆ ಆ ಹಸಿರೂ ಹೋಗುತ್ತದೆಂಬ ದಿಗಿಲಿಗೆ ಉಪಾಯ ಹೇಳಿದವಳು ಲಲಿತಾ: ನಮೂನೆ ಮಾಡಿಟ್ಟುಕೊಂಡರೆ ಅದನ್ನೂ ಹೊಸ ನೂಲನ್ನೂ ಒಂದೇ ಕಣ್ಣು ನೋಡುತ್ತದೆ, ಹೊಂದಿಸುವುದು ಕಷ್ಟವಲ್ಲ. ಡಾಕ್ಟರನ್ನು ಕೇಳಿ ದಿನ ಮುಂದಕ್ಕೆ ಹಾಕಿಸಿಕೊಂಡ ವಿರೂಪಾಕ್ಷಮ್ಮ ಈಗ ಎರಡು ಕಣ್ಣಿನ ಜಗಳ ಬಿಟ್ಟು, ಬಲಗಣ್ಣಿಗೆ ಅರಿವೆ ಕಟ್ಟಿಕೊಂಡು ಬಣ್ಣಕ್ಕೊಂದು ಲಡಿ ಅದ್ದಿ, ಬಿಸಿಲು ತಾಗದ ಒಳಮನೆಯಲ್ಲಿ ತೂಗುಹಾಕುತ್ತಿದ್ದಾರೆ. ಹಸಿರು ಲಡಿಯನ್ನು ಕಳಕಪ್ಪ ಮಗ್ಗದ ಸೀರೆಯ ಮೇಲಿಟ್ಟು ನೋಡಿ, ಬಣ್ಣ ಹಾಕಲು ಹೊಸ ನೂಲಿನ ಗಂಟು ಕಳಿಸಿದ್ದಾನೆ.

ಹಾಗಾದರೆ ಎರಡರಲ್ಲಿ ಖರೇ ಹಸಿರು ಯಾವುದು? ವಿರೂಪಾಕ್ಷಮ್ಮ ಒಳಮನೆಯ ಲಡಿಗಳ ಕಡೆ ನೋಡುತ್ತಾರೆ.

"ನನಗಿನ್ನೂ ತಿಳಿದಿಲ್ರಿ. ಮಂದಿ ಉಟ್ಟು ಛಲೋ ಐತಿ ಅಂದಾರ. ಮಬ್ಬುಗಣ್ಣು ಮಾಡಿದ್ದನ್ನ ಒಳ್ಳೆ ಕಣ್ಣು ಕೆಡಿಸಬಾರದು, ಅಷ್ಟ."